ಎರಡು ಸಲ ತಟ್ಟಿದರೆ ನಿಲ್ಲಿಸಿ

ಇನ್‌ಚಾರ್ಜ್ ಸಿಸ್ಟರ್ ಆದ ದಿನ ನನ್ನ ಕೈಗೆ ಎರಡು ವಸ್ತು ಬಂದವು. ನೋವಿನ ಔಷಧ ಮಾರ್ಫಿನ್ ಇಡುವ ಬೀರುವಿನ ಕೀಲಿಕೈ, ಮುಂದಿನ ತಿಂಗಳ ಡ್ಯೂಟಿ ರೋಸ್ಟರ್‌ನ ಖಾಲಿ ಹಾಳೆ. ಕೀಲಿಕೈ ಕಂಡು ನನಗೆ ಭಯವಾಗಿತ್ತು. ಹಾಳೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡು, ಮನೆಯಲ್ಲಿ ಕೂತು ಬರೆದರಾಯಿತು ಅಂದುಕೊಂಡಿದ್ದೆ.

ಹಾಸ್ಪಿಸ್‌ಗೆ (ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಜಾಗ) ಹೊಸದಾಗಿ ಸೇರುವ ಹುಡುಗಿಯರೂ ಹುಡುಗರೂ ಆರು ತಿಂಗಳು ಕಳೆಯುವಷ್ಟರಲ್ಲಿ ನನ್ನ ಹತ್ತಿರ ಬಂದು ಒಂದು ಮಾತು ಕೇಳುತ್ತಾರೆ: "ಅಕ್ಕ, ಇಲ್ಲೇ ಇದ್ರೆ ಮುಂದೇನು?" ಅವರ ಜೊತೆ ಓದಿದವರು ಐಸಿಯು ಅನುಭವ ತೋರಿಸಿ ಐರ್ಲೆಂಡಿಗೋ ಗಲ್ಫಿಗೋ ಹೊರಟಿರುತ್ತಾರೆ. ಇವರು ಮಾತ್ರ ವಾಸಿಯಾಗದವರ ಹಾಸಿಗೆ ಪಕ್ಕ ಕೂತಿರುತ್ತಾರೆ. ಕೇಳುವುದರಲ್ಲಿ ತಪ್ಪೇನಿಲ್ಲ, ನಾನೂ ಕೇಳಿದ್ದೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ನಾನು ಬಂದ ದಾರಿಯನ್ನು ಒಂದು ಸಲ ಪೂರ್ತಿ ಬರೆದಿಡೋಣ ಅನ್ನಿಸಿತು.

ನಾನು ತಿಪಟೂರು ಕಡೆಯವಳು. 2011ರಲ್ಲಿ ಜಿಎನ್‌ಎಂ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ವರ್ಷದ ಬಾಂಡ್ ಮೇಲೆ ಸೇರಿದೆ. ಮಾರ್ಕ್ಸ್ ಕಾರ್ಡ್ ಅವರೇ ಇಟ್ಟುಕೊಂಡಿದ್ದರು. ಐಸಿಯು ಡ್ಯೂಟಿ. ಅಲ್ಲಿ ಕ್ಯಾನ್ಸರ್ ಮೈಯೆಲ್ಲ ಹರಡಿದ್ದ ಒಬ್ಬ ಹಿರಿಯರು ವೆಂಟಿಲೇಟರ್ ಮೇಲೆ ಹನ್ನೊಂದು ದಿನ ಇದ್ದರು. ಅವರ ಮಗಳು ದಿನವೂ ಗಾಜಿನ ಬಾಗಿಲ ಹತ್ತಿರ ನಿಂತು "ಅಪ್ಪನಿಗೆ ನೋವಾಗ್ತಿದೆಯಾ ಸಿಸ್ಟರ್?" ಅಂತ ಕೇಳುತ್ತಿದ್ದರು. ಬಿಪಿ, ಸ್ಯಾಚುರೇಶನ್, ಯೂರಿನ್ ಔಟ್‌ಪುಟ್ ಎಲ್ಲ ನನಗೆ ಬಾಯಿಪಾಠ. ಆ ಪ್ರಶ್ನೆಗೆ ಮಾತ್ರ ಉತ್ತರ ಗೊತ್ತಿರಲಿಲ್ಲ. 2013ರಲ್ಲಿ ಬಾಂಡ್ ಮುಗಿದ ತಿಂಗಳೇ ಹಾಸ್ಪಿಸ್‌ಗೆ ಅರ್ಜಿ ಹಾಕಿದೆ. ಅಮ್ಮ ಎರಡು ದಿನ ಮಾತು ಬಿಟ್ಟಳು. "ಸಾಯೋರ ಮನೇಲಿ ಕೆಲಸ ಮಾಡ್ತೀನಿ ಅಂದ್ರೆ ಯಾರು ಹೆಣ್ಣು ಕೇಳ್ಕೊಂಡ್ ಬರ್ತಾರೆ?" ಅನ್ನುವುದು ಅವಳ ಸಂಕಟ.

ನಮ್ಮದು ಮೂವತ್ತು ಹಾಸಿಗೆಯ ಚಿಕ್ಕ ಜಾಗ, ಟ್ರಸ್ಟ್ ನಡೆಸುತ್ತದೆ, ರೋಗಿಗಳಿಂದ ಹಣ ತೆಗೆದುಕೊಳ್ಳುವುದಿಲ್ಲ. ಬರುವವರಲ್ಲಿ ಬಾಯಿ, ಗಂಟಲು ಕ್ಯಾನ್ಸರ್‌ನವರೇ ಜಾಸ್ತಿ. ತಂಬಾಕು, ಗುಟ್ಕಾ, ಕಡ್ಡಿಪುಡಿ, ಎಲೆ ಅಡಿಕೆ. ಗಾಯ ಕೆನ್ನೆ ಸೀಳಿಕೊಂಡು ಹೊರಗೆ ಬಂದ ಮೇಲೆ, ಮನೆಯಲ್ಲಿ ವಾಸನೆ ತಡೆಯಲಾಗದ ಮೇಲೆ, ಸಾಲ ಮಾಡಿ ಮಾಡಿ ಸಾಕಾದ ಮೇಲೆ ಬರುತ್ತಾರೆ.

ಮೊದಲ ವರ್ಷ ನನಗೆ ಕಲಿಸಿದವರು ಕೇರಳದ ಒಬ್ಬ ಹಿರಿಯ ಸಿಸ್ಟರ್. ಎಲ್ಲರೂ ಅವರನ್ನು ಚೇಚಿ, ಅಂದರೆ ಮಲಯಾಳದಲ್ಲಿ ಅಕ್ಕ, ಅಂತಲೇ ಕರೆಯುತ್ತಿದ್ದೆವು. ಬಾಯಲ್ಲಿ ಕೊಡುವ ಸಾಧಾರಣ ಮಾರ್ಫಿನ್ ನಾಲ್ಕು ಗಂಟೆ ಕೆಲಸ ಮಾಡುತ್ತದೆ, ಅದಕ್ಕೇ ಬೆಳಿಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತಕ್ಕೆ ಎರಡರಷ್ಟು, ನಡುರಾತ್ರಿ ಎಬ್ಬಿಸದೆ ಮಲಗಲಿ ಅಂತ. ಮಾರ್ಫಿನ್ ಶುರುಮಾಡಿದ ದಿನವೇ ಮಲಬದ್ಧತೆಗೂ ಮಾತ್ರೆ. ಗಾಯಕ್ಕೆ ಅಂಟಿದ ಹಳೇ ಗಾಜ್ ಬಟ್ಟೆಯನ್ನು ಸಲೈನ್‌ನಲ್ಲಿ ಚೆನ್ನಾಗಿ ನೆನೆಸದೆ ಎಳೆಯಬಾರದು. ಮೆಟ್ರೊನಿಡಜೋಲ್ ಮಾತ್ರೆ ಕುಟ್ಟಿ ಪುಡಿ ಮಾಡಿ ಗಾಯಕ್ಕೆ ಹಾಕಿದರೆ ಮೂರ್ನಾಲ್ಕು ದಿನದಲ್ಲಿ ವಾಸನೆ ಇಳಿಯುತ್ತದೆ. ವಾಸನೆ ಇಳಿದ ಮೇಲೆ ಮೊಮ್ಮಕ್ಕಳು ಹತ್ತಿರ ಬರುತ್ತಾರೆ. ಇವನ್ನೆಲ್ಲ ಚೇಚಿ ಪಾಠದ ಹಾಗೆ ಹೇಳಲಿಲ್ಲ. ಕೆಲಸ ಮಾಡುತ್ತಾ ಮಾಡುತ್ತಾ, ನನ್ನ ಕೈ ಮೇಲೆ ತಮ್ಮ ಕೈ ಇಟ್ಟು ತೋರಿಸಿದರು.

ಹಾಸ್ಪಿಸ್‌ನಲ್ಲಿ ಮೇಲೆ ಹೋಗಲು ಮೆಟ್ಟಿಲುಗಳೇ ಕಡಿಮೆ ಅನ್ನುವುದು ನಿಜ. ದೊಡ್ಡ ಆಸ್ಪತ್ರೆಯಲ್ಲಿ ವಾರ್ಡ್ ಇನ್‌ಚಾರ್ಜ್, ಸೂಪರ್‌ವೈಸರ್, ಅಸಿಸ್ಟೆಂಟ್ ಸೂಪರಿಂಟೆಂಡೆಂಟ್, ಸೂಪರಿಂಟೆಂಡೆಂಟ್ ಅಂತ ಸಾಲು ಇರುತ್ತದೆ. ನಮ್ಮಲ್ಲಿ ಸ್ಟಾಫ್ ನರ್ಸ್, ಶಿಫ್ಟ್ ಲೀಡರ್, ಇನ್‌ಚಾರ್ಜ್, ನರ್ಸಿಂಗ್ ಹೆಡ್, ಅಷ್ಟೇ. ಮೇಲಿನವರು ಬಿಟ್ಟರೆ ಮಾತ್ರ ಜಾಗ. ಆದರೆ ಚಿಕ್ಕ ಜಾಗದಲ್ಲಿ ಇನ್ನೊಂದು ಅನುಕೂಲವಿದೆ. ಯಾರೂ ಇಷ್ಟಪಟ್ಟು ಮಾಡದ ಕೆಲಸಗಳು ಕೇಳಿದವರಿಗೆ ತಕ್ಷಣ ಸಿಗುತ್ತವೆ. ಬಟ್ಟೆ ಲೆಕ್ಕ, ವಾರಕ್ಕೆ ಬೇಕಾದ ಸಾಮಾನಿನ ಇಂಡೆಂಟ್, ಹೊಸ ಆಯಾಗಳಿಗೆ ಕೈ ತೊಳೆಯುವುದನ್ನೂ ಮಗ್ಗುಲು ಬದಲಿಸುವುದನ್ನೂ ಕಲಿಸುವುದು, ಬೆನ್ನಹುಣ್ಣಿನ ತಿಂಗಳ ಲೆಕ್ಕ. ನಾನು ಎರಡನೇ ವರ್ಷದಲ್ಲಿ ಇವನ್ನೆಲ್ಲ ಕೇಳಿ ಪಡೆದೆ. ಬಡ್ತಿಯ ಆಸೆ ಇತ್ತು, ಮುಚ್ಚಿಡುವುದಿಲ್ಲ. ಇವತ್ತು ಹೊಸಬರಿಗೆ ಹೇಳುವುದೂ ಇದನ್ನೇ: ಆಯಾಗಳಿಗೆ ಕಲಿಸುವ ಕೆಲಸವನ್ನು ಮೊದಲು ಕೇಳಿ. ಕಲಿಸಲು ನಿಂತಾಗಲೇ ನಮಗೆ ಏನು ಗೊತ್ತಿಲ್ಲ ಅನ್ನುವುದು ಗೊತ್ತಾಗುವುದು.

2015ರಲ್ಲಿ ಚೇಚಿಯೇ ಒತ್ತಾಯ ಮಾಡಿ ಆರು ವಾರದ ತರಬೇತಿಗೆ, ವಾಸಿಯಾಗದವರ ನೋವು ಇಳಿಸುವ ಆರೈಕೆ ಕಲಿಸುವ ಕೋಳಿಕ್ಕೋಡಿನ ಇನ್‌ಸ್ಟಿಟ್ಯೂಟ್ ಆಫ್ ಪ್ಯಾಲಿಯೇಟಿವ್ ಮೆಡಿಸಿನ್‌ಗೆ ಕಳಿಸಿದರು. 1993ರಲ್ಲಿ ಅಲ್ಲಿನ ಮೆಡಿಕಲ್ ಕಾಲೇಜಿನಲ್ಲಿ ಒಂದು ಚಿಕ್ಕ ನೋವಿನ ಕ್ಲಿನಿಕ್ ಆಗಿ ಶುರುವಾದದ್ದು, ನಾನು ಹೋಗುವಷ್ಟರಲ್ಲಿ ಊರೂರಿಗೆ ಹರಡಿತ್ತು. 2008ರಲ್ಲೇ ಕೇರಳ ಸರ್ಕಾರ ಈ ಆರೈಕೆಗೆಂದೇ ನೀತಿ ತಂದಿತ್ತು. ನನಗೆ ಅಚ್ಚರಿಯಾದದ್ದು ಕ್ಲಾಸಿನಲ್ಲಲ್ಲ, ಮನೆ ಭೇಟಿಗೆ ಹೋದಾಗ. ನರ್ಸ್ ಒಬ್ಬರು ಜೀಪಿನಿಂದ ಇಳಿಯುವ ಮೊದಲೇ ಪಕ್ಕದ ಮನೆಯ ಅಂಗಡಿಯವರು ಬಂದು ರೋಗಿ ನಿನ್ನೆ ಏನು ತಿಂದರು, ಎಷ್ಟು ಹೊತ್ತು ಮಲಗಿದರು ಅಂತ ಒಪ್ಪಿಸಿದರು. ಅವರು ನರ್ಸೂ ಅಲ್ಲ, ನೆಂಟರೂ ಅಲ್ಲ. ಸ್ವಯಂಸೇವಕರು. ಆ ನರ್ಸ್ ತಾನು ನೋಡಬೇಕಾದದ್ದನ್ನು ನೋಡಲು ಊರಿಗೇ ಕಲಿಸಿದ್ದರು. ಅಲ್ಲಿಯೇ ಮೊದಲ ಸಲ ಸಿಸಿಲಿ ಸಾಂಡರ್ಸ್ ಬಗ್ಗೆ ವಿವರವಾಗಿ ಕೇಳಿದ್ದು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಅವರು ಡಾಕ್ಟರ್ ಆಗುವ ಮೊದಲು ನರ್ಸ್ ಆಗಿದ್ದವರು. ಬೆನ್ನು ನೋವಿನಿಂದ ನರ್ಸಿಂಗ್ ಬಿಡಬೇಕಾಗಿ ಬಂತಂತೆ. ಒಬ್ಬ ನರ್ಸ್ ಒಂದು ಸಂಸ್ಥೆಯನ್ನೇ ಹೀಗೆ ಇರಬೇಕು ಅಂತ ಕಲ್ಪಿಸಿಕೊಳ್ಳಬಹುದು ಅನ್ನುವುದು ಅವತ್ತಿನವರೆಗೂ ನನಗೆ ಹೊಳೆದಿರಲಿಲ್ಲ.

ವಾಪಸು ಬಂದ ಮೇಲೆ ಡಿಗ್ರಿ ಕೇಳಿದರು. ಇನ್‌ಚಾರ್ಜ್ ಆಗಬೇಕಾದರೆ ನಮ್ಮಲ್ಲಿ ಬಿ.ಎಸ್ಸಿ ಬೇಕು. ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ ಮಾಡಿದೆ, ವಾರದ ದಿನ ಕಾಲೇಜು, ಶನಿವಾರ ಭಾನುವಾರ ನೈಟ್ ಡ್ಯೂಟಿ. ಆ ಎರಡು ವರ್ಷದ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ, ನಿದ್ದೆ ಇರಲಿಲ್ಲ. ಈಗ ಓದುವವರಿಗೆ ಒಂದು ಸಮಾಧಾನವಿದೆ. 2021ರಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಬದಲಿಸಿದ ಬಿ.ಎಸ್ಸಿ ಪಠ್ಯಕ್ರಮದಲ್ಲಿ ಪ್ಯಾಲಿಯೇಟಿವ್ ಕೇರ್ ಸೇರಿದೆ. ನಮ್ಮ ಕಾಲದಲ್ಲಿ ಸಾಯುವವರ ಆರೈಕೆ ಅಂದರೆ ಪುಸ್ತಕದ ಕೊನೆಯಲ್ಲಿ ದೇಹವನ್ನು ಹೇಗೆ ಸಿದ್ಧಮಾಡಬೇಕು ಅನ್ನುವ ಎರಡು ಪುಟ.

ಆಮೇಲೆ ಹೋಮ್ ಕೇರ್ ತಂಡ. ಒಂದು ವ್ಯಾನು, ಒಬ್ಬ ಡ್ರೈವರ್ ಅಣ್ಣ, ಒಬ್ಬರು ಸೋಶಿಯಲ್ ವರ್ಕರ್, ನಾನು. ದಿನಕ್ಕೆ ಆರು ಮನೆ. ಯಾವ ಮನೆಗೆ ಮೊದಲು, ಯಾವುದನ್ನು ನಾಳೆಗೆ ಬಿಡಬಹುದು ಅಂತ ಬೆಳಿಗ್ಗೆ ಎಂಟಕ್ಕೆ ತೀರ್ಮಾನ ಮಾಡಬೇಕು. ಕೊರೊನಾ ಬಂದಾಗ ಅದೆಲ್ಲ ಫೋನಿನಲ್ಲಿ.

2021ರ ಕೊನೆಗೆ ಇನ್‌ಚಾರ್ಜ್ ಜಾಗ ಖಾಲಿಯಾಯಿತು. ಚೇಚಿ ಆಗ ನರ್ಸಿಂಗ್ ಹೆಡ್. ಇಂಟರ್‌ವ್ಯೂನಲ್ಲಿ ಅವರು ಕೇಳಿದ ಪ್ರಶ್ನೆ ಈಗಲೂ ನೆನಪಿದೆ. "ರಾತ್ರಿ ಎರಡು ಗಂಟೆ. ವಾರ್ಡಿನಲ್ಲಿ ಇಬ್ಬರೇ ನರ್ಸ್. ಕುತ್ತಿಗೆ ಗಾಯದ ಪೇಷಂಟ್‌ಗೆ ಜೋರಾಗಿ ಬ್ಲೀಡಿಂಗ್ ಶುರುವಾಯ್ತು. ಅದೇ ಹೊತ್ತಿಗೆ ಇನ್ನೊಬ್ಬರು ಹೋಗ್ತಾ ಇದ್ದಾರೆ, ಕಡೆಯವರು ಅಳ್ತಾ ಇದ್ದಾರೆ. ನೀನು ಮನೇಲಿದ್ದೀಯ. ಫೋನ್ ಬರುತ್ತೆ. ಏನ್ ಮಾಡ್ತೀಯ?"

"ತಕ್ಷಣ ಹೊರಡ್ತೀನಿ."

"ನಿನ್ನ ಮನೆಯಿಂದ ಇಲ್ಲಿಗೆ ನಲವತ್ತು ನಿಮಿಷ. ಬ್ಲೀಡಿಂಗ್ ಅಷ್ಟು ಹೊತ್ತು ಕಾಯುತ್ತಾ?"

ನಾನು ಸುಮ್ಮನಾದೆ. ಆದರೂ ಆರು ತಿಂಗಳಿಗೆ ಆ್ಯಕ್ಟಿಂಗ್, ಅಂದರೆ ತಾತ್ಕಾಲಿಕ, ಅಂತ ಆ ಜಾಗ ಕೊಟ್ಟರು.

ಈಗ ರೋಸ್ಟರ್ ವಿಷಯ. ನಿನ್ನೆಯವರೆಗೆ ನನ್ನ ಜೊತೆ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು ಇವತ್ತು ನನ್ನ ಟೇಬಲ್ ಮುಂದೆ ನಿಂತು ರಜೆ ಕೇಳುತ್ತಾರೆ. ಒಬ್ಬಳಿಗೆ ಮಗುವಿನ ಶಾಲೆ, ಇನ್ನೊಬ್ಬಳಿಗೆ ಭಾನುವಾರ ಚರ್ಚು, ಮತ್ತೊಬ್ಬನಿಗೆ ಊರಹಬ್ಬ. ಯಾರಿಗೂ ಇಲ್ಲ ಅನ್ನಲು ನನಗೆ ಬಾಯಿ ಬರಲಿಲ್ಲ. ಎಲ್ಲರಿಗೂ ಹೂಂ ಅಂದು ಉಳಿದ ಖಾಲಿ ಜಾಗಗಳನ್ನೆಲ್ಲ ಹಾಸ್ಟೆಲ್‌ನಲ್ಲಿದ್ದ ಮಣಿಪುರದ ಹುಡುಗಿಯ ಹೆಸರಿನಿಂದ ತುಂಬಿದೆ. ಅವಳಿಗೆ ಇಲ್ಲಿ ಮನೆಯಿಲ್ಲ, ನೆಂಟರಿಲ್ಲ, ಕೇಳಿದರೆ "ಓಕೆ ಸಿಸ್ಟರ್" ಅನ್ನುತ್ತಾಳೆ. ಸಂಜೆ ಪಾಳಿ ಮುಗಿಸಿದ ಮರುಬೆಳಿಗ್ಗೆ ಮಾರ್ನಿಂಗ್, ಅದರ ಮರುದಿನ ನೈಟ್.

ಮೂರನೇ ವಾರ ಬೆಳಿಗ್ಗೆ ಹ್ಯಾಂಡೋವರ್‌ನಲ್ಲಿ ಮಾರ್ಫಿನ್ ಲೆಕ್ಕ ತಾಳೆಯಾಗಲಿಲ್ಲ. ರಿಜಿಸ್ಟರ್‌ನಲ್ಲಿ ಉಳಿಕೆ ನಲವತ್ತಾರು, ಸ್ಟ್ರಿಪ್‌ನಲ್ಲಿ ನಲವತ್ತೈದು. ಹತ್ತು ಮಿಲಿಗ್ರಾಮಿನ ಒಂದು ಮಾತ್ರೆ ಕಡಿಮೆ. ನಾಲ್ಕು ಸಲ ಎಣಿಸಿದೆವು. ಕಸದ ಬುಟ್ಟಿಯನ್ನು ಪೇಪರಿನ ಮೇಲೆ ಸುರಿದು ನೋಡಿದೆವು. ರಾತ್ರಿ ಡ್ಯೂಟಿಯಲ್ಲಿದ್ದವಳು ಆ ಮಣಿಪುರದ ಹುಡುಗಿಯೇ. ಗೋಡೆಗೆ ಒರಗಿ ನಿಂತಿದ್ದಳು, ತುಟಿ ನಡುಗುತ್ತಿತ್ತು.

ಅವಳ ಭಯಕ್ಕೆ ಕಾರಣವಿತ್ತು. ಮಾರ್ಫಿನ್ 1985ರ ಎನ್‌ಡಿಪಿಎಸ್ ಕಾಯ್ದೆಯ, ಅಂದರೆ ಮಾದಕ ವಸ್ತುಗಳ ಕಾಯ್ದೆಯ, ಕೆಳಗೆ ಬರುವ ಔಷಧ. ಕಾನೂನಿನ ಹೆದರಿಕೆಯಿಂದಲೇ ಎಷ್ಟೋ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದವು, ನೋವಿನವರು ಹಾಗೇ ನರಳಿದರು. ಒಂದು ಬಾಟಲಿಗೆ ಹಲವು ಇಲಾಖೆಗಳ ಲೈಸೆನ್ಸ್ ಹಿಡಿದು ಓಡಾಡಬೇಕಿತ್ತು. 2014ರ ತಿದ್ದುಪಡಿ ಬಂದ ಮೇಲೆ ಮಾನ್ಯತೆ ಪಡೆದ ಸಂಸ್ಥೆಗಳಿಗೆ ರಾಜ್ಯದ ಔಷಧ ನಿಯಂತ್ರಕರ ಒಂದೇ ಅನುಮತಿ ಸಾಕು ಅನ್ನುವ ವ್ಯವಸ್ಥೆ ಬಂತು. ಆ ಸಡಿಲಿಕೆ ನಿಂತಿರುವುದು ನಮ್ಮ ರಿಜಿಸ್ಟರ್‌ಗಳ ಮೇಲಿನ ನಂಬಿಕೆಯಲ್ಲಿ. ತಾರೀಖು, ಗಂಟೆ, ಹೆಸರು, ಡೋಸ್, ಉಳಿಕೆ, ಎರಡು ಸಹಿ. ಒಂದು ಮಾತ್ರೆ ತಪ್ಪಿದರೂ ಉತ್ತರ ಕೊಡಲೇಬೇಕು, ಅದರಲ್ಲಿ ರಾಜಿಯಿಲ್ಲ.

ಉತ್ತರ ಸಿಕ್ಕಿದ್ದು ಕೇಸ್ ಶೀಟಿನಲ್ಲಿ. ಹತ್ತು ಗಂಟೆಯ ಡೋಸ್ ಕೊಟ್ಟ ಹತ್ತು ನಿಮಿಷಕ್ಕೆ ಆರನೇ ಹಾಸಿಗೆಯ ಅಜ್ಜಿ ವಾಂತಿ ಮಾಡಿದ್ದರು, ಮಾತ್ರೆಯೂ ಹೊರಗೆ ಬಂದಿತ್ತು. ಡಾಕ್ಟರನ್ನು ಕೇಳಿ ಮತ್ತೆ ಕೊಟ್ಟಿದ್ದಾಳೆ. ವಾಂತಿ ಬರೆದಿದ್ದಾಳೆ, ಬಟ್ಟೆ ಬದಲಿಸಿದ್ದು ಬರೆದಿದ್ದಾಳೆ. ವಾಂತಿಯಲ್ಲಿ ಹೋದ ಆ ಒಂದನ್ನು ರಿಜಿಸ್ಟರ್‌ಗೆ ಏರಿಸಿಲ್ಲ.

ನಾನು ಅವಳಿಗೆ ಕೊಡಲು ಮೆಮೊ ಟೈಪ್ ಮಾಡಿಕೊಂಡು ಚೇಚಿಯ ರೂಮಿಗೆ ಹೋದೆ. ಅವರು ಮೆಮೊ ಓದಲಿಲ್ಲ. "ರೋಸ್ಟರ್ ತಗೊಂಡ್ ಬಾ" ಅಂದರು. ಟೇಬಲ್ ಮೇಲೆ ಹರಡಿ, ಆ ಹುಡುಗಿಯ ಹೆಸರಿನ ಸಾಲಿನ ಮೇಲೆ ಬೆರಳಿಟ್ಟು, ಒಂದನೇ ತಾರೀಖಿನಿಂದ ನಿಧಾನಕ್ಕೆ ಬಲಗಡೆಗೆ ಎಳೆಯುತ್ತಾ ಹೋದರು. ಹತ್ತೊಂಬತ್ತು ದಿನದಲ್ಲಿ ಒಂದು ಆಫ್.

"ಇದನ್ನ ಬರೆದದ್ದು ಯಾರು?"

ಡಾಕ್ಟರ ಸಹಿ, ಸಾಕ್ಷಿ ಸಹಿ ಹಾಕಿಸಿ ರಿಜಿಸ್ಟರ್ ಸರಿಪಡಿಸಿದೆವು, ಘಟನೆಯ ವರದಿ ಬರೆದೆವು. ವರದಿಯಲ್ಲಿ 'ಕಾರಣ' ಅನ್ನುವ ಕಡೆ ನಾನು ನನ್ನ ರೋಸ್ಟರ್ ಅಂತ ಬರೆದೆ. ಅವಳಿಗೆ ಎರಡು ದಿನ ರಜೆ ಕೊಟ್ಟು, ಆ ಎರಡು ನೈಟ್ ನಾನು ಮಾಡಿದೆ. ಅವಳ ಹತ್ತಿರ ಕ್ಷಮೆ ಕೇಳಿದಾಗ ಅವಳು "ಓಕೆ ಸಿಸ್ಟರ್" ಅಂದಳು. ಅವತ್ತಿನಿಂದ ಆ ಎರಡು ಪದ ಕೇಳಿದರೆ ನಾನು ಇನ್ನೊಂದು ಸಲ ಕೇಳುತ್ತೇನೆ.

ಆಗಲೂ ನನಗೆ ಪೂರ್ತಿ ಬುದ್ಧಿ ಬಂದಿರಲಿಲ್ಲ. ರೋಸ್ಟರ್ ಸರಿಮಾಡಿಕೊಂಡೆ, ಎಕ್ಸೆಲ್ ಶೀಟ್ ಮಾಡುವುದನ್ನು ಅಕೌಂಟ್ಸ್‌ನವರ ಹತ್ತಿರ ಕಲಿತೆ, ಟ್ರಸ್ಟಿಗಳಿಗೆ ಇಂಗ್ಲಿಷಿನಲ್ಲಿ ತಿಂಗಳ ವರದಿ ಬರೆಯುವುದೂ ಬಂತು. ಆದರೆ ಕಷ್ಟದ ಡ್ರೆಸಿಂಗ್‌ಗಳನ್ನು ಬಿಟ್ಟುಕೊಡಲಿಲ್ಲ. ಅದು ನನ್ನ ಕೈಯ ಕೆಲಸ, ಅದನ್ನೂ ಬಿಟ್ಟರೆ ನಾನು ನರ್ಸೇ ಅಲ್ಲ ಅನ್ನಿಸುತ್ತಿತ್ತು.

ಇಳಕಲ್ ಕಡೆಯ ಒಬ್ಬ ನೇಕಾರರು ಬಂದಿದ್ದರು. ಬಲಗೆನ್ನೆ ಪೂರ್ತಿ ಗಾಯ, ಮಾತು ಹೋಗಿತ್ತು, ಮೂಗಿನ ಟ್ಯೂಬಿನಲ್ಲಿ ರಾಗಿ ಗಂಜಿ. ಹನ್ನೆರಡು ದಿನ ನಾನೇ ಡ್ರೆಸಿಂಗ್ ಮಾಡಿದೆ. ಅರ್ಧ ಗಂಟೆ ಮುಂಚೆ ಮಾರ್ಫಿನ್‌ನ ಒಂದು ಹೆಚ್ಚುವರಿ ಡೋಸ್. ಸಲೈನ್ ಸುರಿದು ಹತ್ತು ನಿಮಿಷ ಕಾಯುವುದು. ಕಿವಿಯ ಕೆಳಗಿನ ಭಾಗಕ್ಕೆ ಬಂದಾಗ ಅವರಿಗೆ ತಡೆಯಲಾಗುತ್ತಿರಲಿಲ್ಲ. ಆಗ ಪಕ್ಕದಲ್ಲಿದ್ದ ಸ್ಟೀಲ್ ಟ್ರೇಯನ್ನು ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರು. ನಾನು ಕೈ ತೆಗೆದು ಕಾಯುತ್ತಿದ್ದೆ. ಅವರು ತಲೆಯಾಡಿಸಿದ ಮೇಲೆ ಮುಂದಕ್ಕೆ. ನಾವಿಬ್ಬರೂ ಮಾತಿಲ್ಲದೆ ಮಾಡಿಕೊಂಡ ಒಪ್ಪಂದ ಅದು. ಅವರ ಹೆಂಡತಿ "ನಿನ್ನ ಕೈ ತಣ್ಣಗಿರಲಿ ಯವ್ವಾ" ಅನ್ನುತ್ತಿದ್ದರು, ನನಗೆ ಹೆಮ್ಮೆಯಾಗುತ್ತಿತ್ತು.

ಹದಿಮೂರನೇ ದಿನ ನನ್ನ ವಾರದ ಆಫ್. ಅವರ ಹೆಂಡತಿಯೂ ಅವತ್ತು ಊರಿಗೆ ಹೋಗಿದ್ದರು. ಸೇರಿ ಎರಡು ತಿಂಗಳಾಗಿದ್ದ ಹೊಸ ಸಿಸ್ಟರ್ ಡ್ರೆಸಿಂಗ್ ಮಾಡಿದ್ದಳು. ಚಾರ್ಟಿನಲ್ಲಿ ಹೆಚ್ಚುವರಿ ಡೋಸ್ 'ಬೇಕಾದಾಗ' ಅಂತಷ್ಟೇ ಇತ್ತು. ಡ್ರೆಸಿಂಗ್‌ಗೆ ಮುಂಚೆ ಕೊಡಬೇಕು ಅನ್ನುವುದು ನನ್ನ ತಲೆಯಲ್ಲಿತ್ತು, ಕಾಗದದ ಮೇಲಿರಲಿಲ್ಲ. ಮರುದಿನ ನಾನು ಹೋದಾಗ ಆ ಹಿರಿಯರು ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ಎಷ್ಟು ಮಾತಾಡಿಸಿದರೂ ತಿರುಗಲಿಲ್ಲ.

ಹೊಸ ಸಿಸ್ಟರ್ ಸ್ಟೋರ್ ರೂಮಿನಲ್ಲಿ ಗಾಜ್ ಮಡಚುತ್ತಿದ್ದಳು. "ಅವ್ರು ಟ್ರೇ ತಟ್ತಾನೇ ಇದ್ರು ಅಕ್ಕ. ಲೇಟಾಯ್ತು ಅಂತ ಕೋಪ ಅಂದ್ಕೊಂಡೆ. ಇನ್ನೂ ಬೇಗ ಬೇಗ ಮಾಡ್ಬಿಟ್ಟೆ."

ಅವಳ ಆ ಮಾತು ನನ್ನೊಳಗೆ ಇವತ್ತಿಗೂ ಇದೆ. ಅವಳು ಒಳ್ಳೆಯ ಮನಸ್ಸಿನಿಂದಲೇ ಬೇಗ ಮಾಡಿದ್ದಳು. ಅವರು ನಿಲ್ಲಿಸು ಅಂತ ಬೇಡಿಕೊಂಡಷ್ಟೂ ಅವಳ ಕೈ ಜೋರಾಯಿತು. ನಡುವೆ ಇರಬೇಕಾಗಿದ್ದ ಒಂದೇ ಒಂದು ಸಾಲು ನನ್ನ ಹತ್ತಿರವೇ ಉಳಿದುಬಿಟ್ಟಿತ್ತು. ಇಂಟರ್‌ವ್ಯೂನಲ್ಲಿ ಚೇಚಿ ಕೇಳಿದ್ದು ಇದನ್ನೇ. ರಕ್ತ ಬಂದಾಗ ನಾನು ಓಡಿ ಬರುವುದಲ್ಲ. ಹಗಲಲ್ಲೇ ಆ ಹಾಸಿಗೆ ಪಕ್ಕ ಕಡುಬಣ್ಣದ ಟವೆಲ್‌ಗಳಿರಬೇಕು, ರೋಗಿಯನ್ನು ಶಾಂತಗೊಳಿಸುವ ಮಿಡಜೋಲಂ ಔಷಧ ಡಾಕ್ಟರ ಆರ್ಡರಿನೊಂದಿಗೆ ಸಿದ್ಧವಿರಬೇಕು, ಯಾರು ಕೈ ಹಿಡಿದು ಕೂರಬೇಕು, ಯಾರು ಕಡೆಯವರ ಜೊತೆ ನಿಲ್ಲಬೇಕು ಅನ್ನುವುದು ಇಬ್ಬರಿಗೂ ಗೊತ್ತಿರಬೇಕು. ಆಗ ನಾನು ಮನೆಯಲ್ಲಿ ಮಲಗಿದ್ದರೂ ಪರವಾಗಿಲ್ಲ.

ಅವತ್ತು ಮಧ್ಯಾಹ್ನ ಹೊಸ ಸಿಸ್ಟರನ್ನು ಕರೆದುಕೊಂಡು ಆ ಹಿರಿಯರ ಹತ್ತಿರ ಹೋದೆ. "ನಿಮ್ಮ ಸನ್ನೆ ನನಗೊಬ್ಬಳಿಗೇ ಗೊತ್ತಿತ್ತು, ಇವಳಿಗೆ ಹೇಳಿರಲಿಲ್ಲ, ತಪ್ಪು ನಂದು" ಅಂದೆ. ಬಹಳ ಹೊತ್ತಾದ ಮೇಲೆ ತಿರುಗಿದರು. ಮುಂದಿನ ಡ್ರೆಸಿಂಗ್ ಅವಳೇ ಮಾಡಿದಳು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ, ಹಾಗೆ ನಿಲ್ಲುವುದು ನನಗೆ ತುಂಬಾ ಕಷ್ಟವಾಯಿತು. ಕಿವಿಯ ಹತ್ತಿರ ಬಂದಾಗ ಟ್ರೇ ಎರಡು ಸಲ ಸದ್ದಾಯಿತು. ಅವಳು ಕೈ ತೆಗೆದಳು. ಅವರು ಅವಳ ಮುಖವನ್ನೇ ನೋಡಿದರು, ಆಮೇಲೆ ತಲೆಯಾಡಿಸಿದರು. ಇನ್ನೂ ಹನ್ನೊಂದು ದಿನ ಬದುಕಿದ್ದರು. ಆ ಹನ್ನೊಂದೂ ದಿನ ನಾನು ಅವರ ಗಾಯ ಮುಟ್ಟಲಿಲ್ಲ.

ಆ ದಿನಗಳಲ್ಲೇ ಪ್ರತಿ ಕೇಸ್ ಶೀಟಿನ ಮೊದಲ ಪುಟಕ್ಕೆ ಒಂದು ಅರ್ಧ ಹಾಳೆ ಪಿನ್ ಮಾಡುವುದನ್ನು ಶುರುಮಾಡಿದೆವು. ರೋಗದ ಹೆಸರು ಅದರಲ್ಲಿ ಇರುವುದಿಲ್ಲ. ಈ ಮನುಷ್ಯರ ಹತ್ತಿರ ಹೋಗುವವರಿಗೆ ಏನು ಗೊತ್ತಿರಬೇಕೋ ಅದು, ನರ್ಸ್, ಆಯಾ, ಹೆಂಡತಿ, ಮಗ ಯಾರು ಬೇಕಾದರೂ ಬರೆಯಬಹುದು, ಯಾವ ಭಾಷೆಯಲ್ಲಾದರೂ. ಮೊದಲ ಹಾಳೆ ಆ ನೇಕಾರರದ್ದು. "ಟ್ರೇ ಎರಡು ಸಲ ತಟ್ಟಿದರೆ ನಿಲ್ಲಿಸಿ" ಅಂತ ನಾನೇ ಬರೆದೆ. ಇದಕ್ಕೆ ಚೇಚಿ ಒಪ್ಪಿಗೆ ಕೊಡುವಾಗ ನಾನೂ ಒಂದು ಕೇಳಿಕೊಂಡೆ: ಸೋಮವಾರ ಬೆಳಿಗ್ಗೆ ಮಾತ್ರ ನಾನು ಇನ್‌ಚಾರ್ಜ್ ಅಲ್ಲ, ಸಾಧಾರಣ ಸ್ಟಾಫ್ ನರ್ಸ್ ಥರ ನಾಲ್ಕು ಹಾಸಿಗೆ ನೋಡಿಕೊಳ್ಳುತ್ತೇನೆ. ಒಪ್ಪಿದರು. ಮೇಲೆ ಹೋಗಬೇಕು ಅನ್ನುವ ಹೊಸಬರು ಇದೊಂದನ್ನು ಮೊದಲ ದಿನವೇ ಕೇಳಿ ಪಡೆದುಕೊಳ್ಳಿ, ಆಮೇಲೆ ಯಾರೂ ಕೊಡುವುದಿಲ್ಲ.

ಸಂಬಳ ಏರಿತು, ಆದರೆ ದೊಡ್ಡ ಆಸ್ಪತ್ರೆಯ ಇನ್‌ಚಾರ್ಜ್‌ಗಳಿಗೆ ಸಿಗುವಷ್ಟಿಲ್ಲ. ಇದನ್ನು ಕೇಳಿದವರಿಗೆ ನೇರವಾಗಿ ಹೇಳುತ್ತೇನೆ. ಟ್ರಸ್ಟ್ ದಾನದ ಮೇಲೆ ನಡೆಯುತ್ತದೆ ಅನ್ನುವ ಕಾರಣಕ್ಕೆ ನರ್ಸ್‌ಗಳು ಕಡಿಮೆ ಸಂಬಳವನ್ನೂ ಸೇವೆ ಅಂತ ತಿಳಿಯಬೇಕು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬಜೆಟ್ ಮೀಟಿಂಗ್‌ನಲ್ಲಿ ಪ್ರತಿ ವರ್ಷ ಹೇಳುತ್ತೇನೆ. ಎರಡು ಸಲ ಕೇಳಿಸಿಕೊಂಡಿದ್ದಾರೆ. ಇನ್‌ಚಾರ್ಜ್ ಕುರ್ಚಿಯಲ್ಲಿ ಕೂತಿರುವುದರಿಂದಲೇ ಆ ಮೀಟಿಂಗ್‌ಗೆ ನನ್ನನ್ನು ಕರೆಯುವುದು.

ಗೋಡೆಗೆ ಒರಗಿ ನಡುಗಿದ್ದ ಮಣಿಪುರದ ಹುಡುಗಿಯೇ ಈಗ ಮಾರ್ಫಿನ್ ರಿಜಿಸ್ಟರ್ ತಪಾಸಣೆ ಮಾಡುವುದು. ಟ್ರೇ ಸದ್ದನ್ನು ಕೋಪ ಅಂದುಕೊಂಡಿದ್ದ ಹುಡುಗಿ ಶಿಫ್ಟ್ ಲೀಡರ್. ಹೋದ ಸೋಮವಾರ ಬೆಳಿಗ್ಗೆ ನನ್ನ ನಾಲ್ಕು ಹಾಸಿಗೆಯಲ್ಲಿ ಒಂದಕ್ಕೆ ಹೊಸ ಅಡ್ಮಿಷನ್ ಬಂದಿತ್ತು, ಭಾನುವಾರ ರಾತ್ರಿ ಬಂದವರು. ಕೇಸ್ ಶೀಟ್ ತೆಗೆದೆ. ಅರ್ಧ ಹಾಳೆಯಲ್ಲಿ ಶಿಫ್ಟ್ ಲೀಡರ್‌ನ ದುಂಡನೆಯ ಅಕ್ಷರ:

"ಕಣ್ಣು ಕಾಣಲ್ಲ. ಮುಟ್ಟೋಕೆ ಮುಂಚೆ ನಿಮ್ಮ ಹೆಸರು ಹೇಳಿ. ಎಡಗಡೆ ಮಲಗಿಸಿದ್ರೆ ನೋವಾಗುತ್ತೆ, ಕೇಳಿದ್ರೆ ಇಲ್ಲ ಅಂತಾರೆ, ಸೆರಗು ಹಿಡ್ಕೊಂಡಿರ್ತಾರೆ ನೋಡಿ."

ನಾನು ಆ ಅಜ್ಜಿಯನ್ನು ಇನ್ನೂ ನೋಡಿರಲಿಲ್ಲ. ಪರದೆ ಸರಿಸಿ, ನನ್ನ ಹೆಸರು ಹೇಳಿ, ಹತ್ತಿರ ಹೋದೆ.